ಇಆರ್‌ಪಿಗೆ (ಲೆಕ್ಕ, ಸ್ಟಾಕು, ಬಿಲ್ಲಿಂಗ್ ಎಲ್ಲಾ ಒಟ್ಟಿಗೆ ನೋಡ್ಕೊಳ್ಳೋ ಸಾಫ್ಟ್‌ವೇರ್) ಒಂದೇ ಸರ್ವರ್ರಾ, ಎರಡಾ, ಇಲ್ಲಾ ಕ್ಲೌಡಾ?

ಒಟ್ಟು ಯೂಸರ್ ಎಷ್ಟು ಅನ್ನೋದಕ್ಕಿಂತ ತಿಂಗಳ ಕೊನೇಲಿ ಒಟ್ಟಿಗೆ ಎಷ್ಟು ಜನ ರಿಪೋರ್ಟ್ ಓಡಿಸ್ತಾರೆ ನೋಡಿ, ಸೈಜಿಂಗ್ (ಎಷ್ಟು ದೊಡ್ಡ ಸರ್ವರ್ ಬೇಕು ಅನ್ನೋ ಲೆಕ್ಕ) ಮಾಡ್ಬೇಕಿರೋದು ಆ ದಿನಕ್ಕೆ. ಇಆರ್‌ಪಿ ಮಾಡೋ ಎಸ್‌ಎಪಿ ಕಂಪನಿ ಲೆಕ್ಕದಲ್ಲಿ 100 ಸ್ಯಾಪ್ಸ್ (ಸರ್ವರ್ ಸಾಮರ್ಥ್ಯ ಅಳೆಯೋ ಮಾನ) ಅಂದ್ರೆ ಗಂಟೆಗೆ 2,000 ಆರ್ಡರ್ ಲೈನ್.

ಡೇಟಾಬೇಸೂ ಅಪ್ಲಿಕೇಶನ್ನೂ ಒಂದೇ ಸರ್ವರಲ್ಲಿಟ್ರೆ ಖರ್ಚು ಕಮ್ಮಿ, ನೋಡ್ಕೊಳ್ಳೋದೂ ಸುಲಭ, ಆದ್ರೆ ಭಾರಿ ರಿಪೋರ್ಟ್ ಬಂದಾಗ ಎರಡೂ ಒಂದೇ ರ‍್ಯಾಮ್‌ಗೆ ಕಿತ್ತಾಡ್ತವೆ. ಚಿಕ್ಕ ಆಫೀಸಿಗೆ ಇದೇ ಸಾಕು.

ಬೇರೆ ಮಾಡಿದ್ರೆ ಡೇಟಾಬೇಸ್‌ಗೆ ರ‍್ಯಾಮ್, ಎಸ್‌ಎಸ್‌ಡಿ, ಅಪ್ಲಿಕೇಶನ್‌ಗೆ ಕೋರ್ ಅಂತ ಬೇಕಾದ್ದನ್ನೇ ಹೆಚ್ಚಿಸ್ಬಹುದು, ಲೋಡ್ ಏರ್ತಾ ಹೋಗೋರಿಗೆ ನನ್ನ ಓಟು ಇದಕ್ಕೆ. ಆದ್ರೆ ಎರಡು ಸರ್ವರ್ ಇದೆ ಅಂತ ಧೈರ್ಯ ಬೇಡ, ಒಂದು ಕೆಟ್ರೂ ಬಿಲ್ಲಿಂಗ್ ನಿಲ್ಲುತ್ತೆ, ಕೆಟ್ಟಾಗ ಕೆಲಸ ವಹಿಸ್ಕೊಳ್ಳೋ ಸ್ಟ್ಯಾಂಡ್‌ಬೈ ಸರ್ವರ್ ಬೇರೆನೇ ಬೇಕು.

ಲೋಡ್ ಎಷ್ಟಾಗುತ್ತೆ ಅಂತ ಅಂದಾಜೇ ಸಿಗ್ತಿಲ್ವಾ, ಕ್ಲೌಡಲ್ಲಿ ಶುರು ಮಾಡಿ, ಸೈಜ್ ಆಮೇಲೆ ಬದಲಾಯಿಸ್ಬಹುದು. ಇಂಟರ್‌ನೆಟ್ ಪದೇಪದೇ ಹೋಗೋ ಕಡೆ ಮಾತ್ರ ಬೇಡ.