ಪೇಜ್‌ಮೇಕರ್‌ನಿಂದ ಇನ್‌ಡಿಸೈನ್‌ಗೆ: ಯಾವ ಅಪ್‌ಗ್ರೇಡ್ ಬೇಕು, ಯಾವುದಕ್ಕೆ ಅವಸರವಿಲ್ಲ

ಕನ್ನಡ ಪುಸ್ತಕಗಳ ಪುಟ ಕೂರಿಸುವುದು ನನ್ನ ಕಸುಬು. ಅಡೋಬಿಯ ಹಳೆಯ ಪುಟವಿನ್ಯಾಸ ತಂತ್ರಾಂಶ ಪೇಜ್‌ಮೇಕರ್ 7ರಲ್ಲಿ ಶುರುಮಾಡಿದವನು, ಈಗ ವರ್ಷಗಳಿಂದ ಅದೇ ಕಂಪನಿಯ ಇನ್‌ಡಿಸೈನ್ ಬಳಸುತ್ತಿದ್ದೇನೆ. ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ) ಕೆಲಸದ ಗೆಳೆಯರು ಸಿಕ್ಕಾಗಲೆಲ್ಲ ಕೇಳುವುದು ಒಂದೇ: "ಹೊಸ ವರ್ಷನ್ ಹಾಕಿಸ್ಲಾ, ಬೇಡ್ವಾ?"

ಪೇಜ್‌ಮೇಕರ್ ಬಿಡಬೇಕೇ ಎಂದರೆ, ಹೊಸ ಪುಸ್ತಕಗಳ ಮಟ್ಟಿಗೆ ಖಂಡಿತ ಬಿಡಿ. 2001ರ 7.0 ಅದರ ಕೊನೆಯ ಆವೃತ್ತಿ, ಅದಕ್ಕೆ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತ) ಬರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ರೂಪ ಕೂರಿಸಿದ ಹಳೆಯ ಆಸ್ಕಿ ಫಾಂಟ್ ಹಾಕಿದರೆ ಅಚ್ಚು ಸೊಗಸಾಗಿ ಬೀಳುತ್ತದೆ, ಹಳೇ ಕಂಪ್ಯೂಟರಿನಲ್ಲೂ ಸರಾಗವಾಗಿ ಓಡುತ್ತದೆ, ನಿಜ. ಆದರೆ ಆ ಪಠ್ಯವನ್ನು ಇ-ಪುಸ್ತಕಕ್ಕೋ ವೆಬ್‌ಸೈಟಿಗೋ ನಕಲು ಮಾಡಿದರೆ ಕಾಣುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಲೇಖಕರು ವರ್ಷಗಟ್ಟಲೆ ದುಡಿದು ಬರೆದದ್ದು ಹುಡುಕಿದರೂ ಸಿಗದಂತಾಗುವುದು ನನಗೆ ನಿಜಕ್ಕೂ ಸಂಕಟದ ವಿಷಯ.

2012ರ ಇನ್‌ಡಿಸೈನ್ ಸಿಎಸ್6ರಿಂದ ಯೂನಿಕೋಡ್ ಕನ್ನಡ ನೇರವಾಗಿ ಕೂರುತ್ತದೆ. ಒಂದು ಸೆಟ್ಟಿಂಗ್ ಮಾತ್ರ ಮರೆಯಬೇಡಿ: ಪ್ಯಾರಾಗ್ರಾಫ್ ಸ್ಟೈಲ್‌ನ ಜಸ್ಟಿಫಿಕೇಶನ್ ಭಾಗದಲ್ಲಿ ಸಾಲುಗಳನ್ನು ಜೋಡಿಸುವ ಕಂಪೋಸರನ್ನು 'ಅಡೋಬಿ ವರ್ಲ್ಡ್-ರೆಡಿ' ಎಂದು ಬದಲಿಸಬೇಕು. ಇಲ್ಲದಿದ್ದರೆ ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲೇ ಬಿಡಿಬಿಡಿಯಾಗಿ ನಿಲ್ಲುತ್ತವೆ. ಇದನ್ನು ತಿಳಿಯದೆ "ಇನ್‌ಡಿಸೈನ್‌ನಲ್ಲಿ ಕನ್ನಡ ಸರಿಬರಲ್ಲ" ಎಂದು ವಾಪಸು ಹೋದವರನ್ನು ಕಂಡಿದ್ದೇನೆ.

ಹಳೆಯ ಪುಸ್ತಕಗಳ ಕಥೆ ಬೇರೆ. ಸಿಎಸ್6ರವರೆಗಿನ ಇನ್‌ಡಿಸೈನ್ ಪೇಜ್‌ಮೇಕರ್ 6 ಮತ್ತು 7ರ ಕಡತಗಳನ್ನು ತೆರೆಯುತ್ತದೆ. ಆಮೇಲಿನ ಸಿಸಿ (ಕ್ರಿಯೇಟಿವ್ ಕ್ಲೌಡ್) ಆವೃತ್ತಿಗಳು ತೆರೆಯುವುದಿಲ್ಲ. ಹಾಗಾಗಿ ಸಿಎಸ್6 ಇರುವವರು ದಯವಿಟ್ಟು ಅದನ್ನು ತೆಗೆಯಬೇಡಿ. ತೆರೆದ ಮೇಲೂ ಪಠ್ಯ ಆಸ್ಕಿಯಲ್ಲೇ ಇರುತ್ತದೆ, ಅದನ್ನು ಯೂನಿಕೋಡಿಗೆ ಬದಲಿಸುವ ಕನ್ವರ್ಟರಿಗೆ ಹಾಕಲೇಬೇಕು. ಅಲ್ಲಿ ತಪ್ಪುಗಳಾಗಬಹುದು. 'ಧರ್ಮ'ದಂಥ ಪದಗಳ ಅರ್ಕಾವತ್ತು ಆಸ್ಕಿಯಲ್ಲಿ 'ಮ'ದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ 'ಮ'ಕ್ಕಿಂತ ಮೊದಲು ಬರಬೇಕು. ನಡುನಡುವೆ ಇಂಗ್ಲಿಷ್ ಪದವಿದ್ದರೆ ಅದೂ ಅರ್ಥವಿಲ್ಲದ ಕನ್ನಡವಾಗಿಬಿಡಬಹುದು. ಇಡೀ ಪುಸ್ತಕದ ಕರಡು ಮತ್ತೆ ತಿದ್ದುವ ಸಮಯವಿದ್ದರೆ ಮಾತ್ರ ಕೈಹಾಕಿ. ಬರೀ ಮರುಮುದ್ರಣವಾದರೆ ಹಳೆಯ ಪಿಡಿಎಫ್ ಸಾಕು.

ಇನ್ನು ವರ್ಷವರ್ಷ ಬರುವ ಹೊಸ ಸಿಸಿ. ಇದಕ್ಕೆ ನಾನು ಅವಸರ ಮಾಡುವುದಿಲ್ಲ. ಹೊಸದರಲ್ಲಿ ಸೇವ್ ಮಾಡಿದ್ದು ಹಳೆಯದರಲ್ಲಿ ನೇರವಾಗಿ ತೆರೆಯದು. ಹಳೆಯ ಆವೃತ್ತಿಗಳೂ ತೆರೆಯಬಲ್ಲ ಐಡಿಎಂಎಲ್ ಕಡತಕ್ಕೆ ಎಕ್ಸ್‌ಪೋರ್ಟ್ ಮಾಡಿ ಕೊಡಬೇಕು. ಜೊತೆಗೆ ಕೆಲಸ ಮಾಡುವವರ ಬಳಿ, ಮುದ್ರಣಾಲಯದವರ ಬಳಿ ಯಾವುದಿದೆ ಎಂದು ಮೊದಲು ಕೇಳಿಕೊಳ್ಳುತ್ತೇನೆ. ಕೈಯಲ್ಲಿ ಅರ್ಧ ಮುಗಿದ ಪುಸ್ತಕವಿದ್ದಾಗಲಂತೂ ಬದಲಿಸುವುದೇ ಇಲ್ಲ. ಸಾಲುಗಳು ಸರಿದು ಒಂದು ಪದ ಮುಂದಿನ ಪುಟಕ್ಕೆ ಹೋದರೂ ಪದಸೂಚಿಯ ಪುಟಸಂಖ್ಯೆ ತಪ್ಪುತ್ತದೆ. ಬದಲಿಸಲೇಬೇಕಾದರೆ ಹಳೆಯದರಿಂದ ಪಿಡಿಎಫ್ ತೆಗೆದಿಟ್ಟುಕೊಂಡು, ಹೊಸದರ ಪಿಡಿಎಫ್ ಜೊತೆ ಪುಟಪುಟವಾಗಿ ಹೋಲಿಸಿ, ಆಮೇಲೆ ಅಚ್ಚಿಗೆ ಕಳಿಸಿ.