ಬೇರಿಯಂ ಫ್ಲೋರೈಡ್ ಪಾಸಿಟ್ರಾನ್ ಲೈಫ್‌ಟೈಮ್ ಸೆಟಪ್: ಪಾಲಿಮರ್ ಲ್ಯಾಬಿಗೆ ಸಾಕೇ?

ಧಾರಾಳವಾಗಿ ಸಾಕು. ಪಾಸಿಟ್ರಾನ್ (ಎಲೆಕ್ಟ್ರಾನಿನ ಪ್ರತಿಕಣ) ಮಾದರಿಯೊಳಗೆ ಎಷ್ಟು ಹೊತ್ತು ಬದುಕುತ್ತದೆ ಎಂಬುದನ್ನು, ಗಾಮಾ ಕಿರಣ ಬಿದ್ದರೆ ಮಿನುಗುವ ಬೇರಿಯಂ ಫ್ಲೋರೈಡ್ ಹರಳುಗಳಿಂದ ಅಳೆಯುವ ಜೋಡಣೆ ಇದು. ರೆಸಲ್ಯೂಷನ್ (ಕಾಲ ಅಳೆಯುವ ಸೂಕ್ಷ್ಮತೆ) ಇನ್ನೂ 50 ಪಿಕೋಸೆಕೆಂಡ್ ಇಳಿಸುತ್ತೇವೆ ಎನ್ನುವ ಮಾತಿಗೆ ಮರುಳಾಗಿ ದುಡ್ಡು ಸುರಿಯಬೇಡಿ. ಅದು ಲೋಹದ ದೋಷ ಅಳೆಯುವವರಿಗೆ ಬೇಕಾದದ್ದು. ಫ್ರೀ ವಾಲ್ಯೂಮ್, ಅಂದರೆ ಅಣುಗಳ ನಡುವಿನ ಪೊಳ್ಳು, ತಿಳಿಸುವ ಆರ್ಥೋ-ಪಾಸಿಟ್ರೋನಿಯಂ (ಪಾಸಿಟ್ರಾನ್-ಎಲೆಕ್ಟ್ರಾನ್ ಜೋಡಿ) ಪಾಲಿಮರಿನಲ್ಲಿ ಸಾಮಾನ್ಯವಾಗಿ 1.5ರಿಂದ 3 ನ್ಯಾನೋಸೆಕೆಂಡ್ ಬದುಕುತ್ತದೆ. 250 ಪಿಕೋಸೆಕೆಂಡ್ ರೆಸಲ್ಯೂಷನ್ನಿನಲ್ಲೂ ಅದರ ಬಾಲ ಚೆನ್ನಾಗಿ ಕಾಣುತ್ತದೆ.

ಹಳೇ ಫೋಟೋಮಲ್ಟಿಪ್ಲೈಯರ್ (ಹರಳಿನ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಟ್ಯೂಬ್) ಕೊಳ್ಳುವಾಗ ಮಾತ್ರ ಕಣ್ಣಿಟ್ಟು ನೋಡಿ. ಎಕ್ಸ್‌ಪಿ2020 ಬೇರೆ, ಎಕ್ಸ್‌ಪಿ2020ಕ್ಯೂ ಬೇರೆ. ಆ ಕೊನೆಯ ಕ್ಯೂ ಅಂದರೆ ಕ್ವಾರ್ಟ್ಸ್ ಕಿಟಕಿ. ಹರಳಿನ ವೇಗದ ಬೆಳಕು 220 ನ್ಯಾನೋಮೀಟರ್ ಸುತ್ತ ಬರುವುದು, ಮಾಮೂಲಿ ಗಾಜು ಅದನ್ನು ನುಂಗಿಬಿಡುತ್ತದೆ. ಉಳಿಯುವುದು 600 ನ್ಯಾನೋಸೆಕೆಂಡಿಗೂ ಮೀರಿ ಎಳೆಯುವ ನಿಧಾನದ ಬೆಳಕು, ಟೈಮಿಂಗಿಗೆ ನಿಷ್ಪ್ರಯೋಜಕ. ಹರಳು ಮತ್ತು ಟ್ಯೂಬಿನ ನಡುವಿನ ಗ್ರೀಸ್ ಕೂಡ ಅತಿನೇರಳೆ ದಾಟಿಸುವಂಥದ್ದೇ ಆಗಿರಲಿ.

ಪಾಸಿಟ್ರಾನ್ ಮೂಲವೆಂದರೆ 7.5 ಮೈಕ್ರಾನ್ ಕಾಪ್ಟನ್ (ಪಾಲಿಇಮೈಡ್ ಪ್ಲಾಸ್ಟಿಕ್) ಹಾಳೆಗಳ ನಡುವೆ ಒಣಗಿಸಿದ ಸೋಡಿಯಂ-22 ಉಪ್ಪು, 10ರಿಂದ 20 ಮೈಕ್ರೋಕ್ಯೂರಿ. ಕಾಪ್ಟನ್ನಿನಲ್ಲಿ ಪಾಸಿಟ್ರೋನಿಯಂ ಹುಟ್ಟುವುದಿಲ್ಲ. ಹಾಗಾಗಿ ಸುಮಾರು 380 ಪಿಕೋಸೆಕೆಂಡಿನ ಒಂದೇ ಘಟಕ ಕಳೆದರೆ ಲೆಕ್ಕ ಚುಕ್ತಾ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಪಾಲಿಮರ್ ಕೆಲಸವೂ ಇಂಥದ್ದೇ ಜೋಡಣೆಯಲ್ಲಿ ನಡೆದದ್ದು.

ಮೂಲದ ಎರಡೂ ಬದಿಗೆ ಮಾದರಿಯ ಒಂದೊಂದು ತುಂಡು, ತಲಾ 1.5 ಮಿಲಿಮೀಟರ್ ದಪ್ಪ. ಫಿಲ್ಮ್ ಆದರೆ ಪದರ ಪೇರಿಸಿ. ತೆಳುವಾದರೆ ಪಾಸಿಟ್ರಾನ್‌ಗಳು ಹೋಲ್ಡರಿನ ಲೋಹದಲ್ಲಿ ಸಾಯುತ್ತವೆ, ಐ-3 (ಆರ್ಥೋ-ಪಾಸಿಟ್ರೋನಿಯಂ ಘಟಕದ ಪಾಲು) ಸುಳ್ಳೇ ಇಳಿಯುತ್ತದೆ. ಹತ್ತು ಲಕ್ಷ ಕೌಂಟ್ ತುಂಬುವ ತನಕ ಫಿಟ್ ಮಾಡಲು ಕೂರಬೇಡಿ.

ಮೊದಲ ಪರೀಕ್ಷೆಗೆ ಪಾಲಿಕಾರ್ಬೊನೇಟ್ ಇಡಿ. ಟೌ-3 (ಆರ್ಥೋ-ಪಾಸಿಟ್ರೋನಿಯಂ ಆಯುಷ್ಯ) ಸುಮಾರು 2.1 ನ್ಯಾನೋಸೆಕೆಂಡ್ ಬರಬೇಕು. ಆಯುಷ್ಯದಿಂದ ಪೊಳ್ಳಿನ ಗಾತ್ರ ಲೆಕ್ಕಹಾಕುವ ತಾವ್-ಎಲ್ಡ್ರಪ್ ಸೂತ್ರಕ್ಕೆ ಹಾಕಿದರೆ 0.29 ನ್ಯಾನೋಮೀಟರ್ ತ್ರಿಜ್ಯದ ಪೊಳ್ಳು. ತೀರಾ ಬೇರೆ ಬಂದರೆ ಮಾದರಿಯನ್ನು ಬೈಯುವ ಮೊದಲು ಟೈಮ್ ಕ್ಯಾಲಿಬ್ರೇಷನ್ ನೋಡಿ. ರೆಸಲ್ಯೂಷನ್ ಅಗಲವಾಯಿತೇ ಎಂಬುದನ್ನು, ಎರಡು ಗಾಮಾ ಕಿರಣ ಒಟ್ಟಿಗೇ ಬಿಡುವ ಕೋಬಾಲ್ಟ್-60 ಹೇಳುತ್ತದೆ. ರಾತ್ರಿ ಎಸಿ ನಿಂತರೆ ಶೂನ್ಯಬಿಂದು ಸರಿದು ಶಿಖರವೇ ಹರಡುವುದುಂಟು.

ಐ-3ರ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಮೂಲವನ್ನು ದಿನಗಟ್ಟಲೆ ಒಳಗಿಟ್ಟರೆ ವಿಕಿರಣದ ಪರಿಣಾಮಕ್ಕೇ ಅದು ಕುಸಿಯುವುದುಂಟು. ಫ್ರೀ ವಾಲ್ಯೂಮ್ ಕಡಿಮೆಯಾಯಿತೆಂದು ಅದನ್ನೇ ಬರೆದುಕೊಂಡವರೂ ಇದ್ದಾರೆ.

ಸೋಡಿಯಂ-22ರ ಅರ್ಧಾಯುಷ್ಯ 2.6 ವರ್ಷ. ಅಷ್ಟರಲ್ಲಿ ಅದೇ ಸ್ಪೆಕ್ಟ್ರಮ್ಮಿಗೆ ಎರಡರಷ್ಟು ಹೊತ್ತು ಕಾಯಬೇಕು. ಎರಡನೇ ಮೂಲದ ದುಡ್ಡನ್ನು ಮೊದಲ ಬಜೆಟ್ಟಿನಲ್ಲೇ ತೆಗೆದಿಡಿ.