ಗೊತ್ತಿಲ್ಲದ ನಂಬರಿನ ಕರೆ: ಎತ್ತಿ ನೋಡಿದ್ದು, ಎತ್ತದೆ ನೋಡಿದ್ದು

ಹೆಸರಿಲ್ಲದ ಹತ್ತು ಅಂಕಿಗಳು ಪರದೆಯ ಮೇಲೆ ಮೂಡಿದಾಗ ಕರೆ ಎತ್ತಬೇಕೋ ಬೇಡವೋ ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಹೆಂಡತಿ ಎಲ್ಲವನ್ನೂ ಎತ್ತುತ್ತಾಳೆ, ಮಗಳು ಯಾವುದನ್ನೂ ಎತ್ತುವುದಿಲ್ಲ, ಹೊಸನಗರದ ಕಡೆಯ ಹಳ್ಳಿಯಲ್ಲಿರುವ ಅಪ್ಪ ರಿಂಗಾದ ಕೂಡಲೇ ಎತ್ತಿ, ಆ ಕಡೆ ಯಾರಿದ್ದಾರೆಂದು ತಿಳಿಯುವ ಮೊದಲೇ ತಮ್ಮ ಹೆಸರು, ಊರು ಎರಡನ್ನೂ ಹೇಳಿಬಿಡುತ್ತಾರೆ. ಮೈಸೂರಿನಲ್ಲಿದ್ದುಕೊಂಡು ಎರಡೂ ಮನೆಗಳ ಬ್ಯಾಂಕು, ಆಸ್ಪತ್ರೆ, ಗ್ಯಾಸು ಎಲ್ಲವನ್ನೂ ನೋಡಿಕೊಳ್ಳುವ ನನಗೆ ಈ ವಿಷಯದಲ್ಲಿ ಒಂದು ನಿಶ್ಚಿತ ಕ್ರಮ ಬೇಕಾಗಿತ್ತು. ಹಾಗಾಗಿ ಜನರು ಸಾಮಾನ್ಯವಾಗಿ ಅನುಸರಿಸುವ ನಾಲ್ಕು ಕ್ರಮಗಳನ್ನು ಒಂದಾದ ಮೇಲೊಂದರಂತೆ, ಪ್ರತಿಯೊಂದಕ್ಕೂ ಸಾಕಷ್ಟು ಸಮಯ ಕೊಟ್ಟು, ನನ್ನ ಫೋನಿನಲ್ಲಿ ಪಾಲಿಸಿ ನೋಡಿದೆ.

ಮೊದಲನೆಯದು ಬಂದ ಕರೆಯನ್ನೆಲ್ಲ ಎತ್ತುವುದು. ಇದರ ಕಿರಿಕಿರಿಯನ್ನು ವಿವರಿಸಬೇಕಾಗಿಲ್ಲ. ಸಾಲ ಬೇಕೇ, ಸೈಟು ಬೇಕೇ, ಕ್ರೆಡಿಟ್ ಕಾರ್ಡು ಬೇಕೇ ಎಂದು ಕೇಳುವ ಕರೆಗಳು ಕೆಲಸದ ಹೊತ್ತಿನಲ್ಲೇ ಬರುತ್ತವೆ. ಆದರೆ ವಂಚಕರ ಕರೆಗಳು ಹೇಗೆ ಸಾಗುತ್ತವೆ ಎಂಬುದು ನನಗೆ ಸ್ಪಷ್ಟವಾದದ್ದೂ ಈ ಅವಧಿಯಲ್ಲಿಯೇ. ಒಮ್ಮೆ ಕರೆ ಎತ್ತಿದಾಗ ಮೊದಲೇ ಮುದ್ರಿಸಿದ ಹೆಣ್ಣು ದನಿಯೊಂದು, ಇದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಕಚೇರಿಯ ಕರೆಯೆಂದೂ, ಎರಡು ಗಂಟೆಯೊಳಗೆ ನನ್ನ ಹೆಸರಿನ ಎಲ್ಲ ಸಂಖ್ಯೆಗಳೂ ಸ್ಥಗಿತಗೊಳ್ಳಲಿವೆಯೆಂದೂ, ವಿವರಕ್ಕೆ 9 ಒತ್ತಬೇಕೆಂದೂ ಹಿಂದಿಯಲ್ಲಿ ಹೇಳಿತು. ಒತ್ತಿದವರಿಗೆ ಒಬ್ಬ ಮನುಷ್ಯ ಸಿಗುತ್ತಾನೆ. ನಿಮ್ಮ ಆಧಾರ್ ಬಳಸಿ ಬೇರೊಂದು ಊರಿನಲ್ಲಿ ಸಿಮ್ ಕೊಂಡಿದ್ದಾರೆ, ದೂರು ದಾಖಲಾಗಿದೆ ಎನ್ನುತ್ತಾನೆ. ಅಲ್ಲಿಂದ ಕರೆ ಪೊಲೀಸ್ ಅಧಿಕಾರಿಯೆಂದು ಹೇಳಿಕೊಳ್ಳುವವನಿಗೆ ವರ್ಗವಾಗುತ್ತದೆ. ಅಲ್ಲಿಂದ ವಾಟ್ಸಾಪಿನ ವಿಡಿಯೊ ಕರೆಗೆ, ಕಡೆಗೆ ಕರೆಯಲ್ಲೇ ಬಂಧಿಸಿದ್ದೇವೆ ಎನ್ನುವ ‘ಡಿಜಿಟಲ್ ಅರೆಸ್ಟ್’ ಎಂಬ ಬೆದರಿಕೆಗೆ ಬಂದು ನಿಲ್ಲುತ್ತದೆ. ನಮ್ಮ ಕಾನೂನಿನಲ್ಲಿ ಅಂಥದೊಂದು ಬಂಧನವೇ ಇಲ್ಲ. 2024ರ ಅಕ್ಟೋಬರಿನ ಮನ್ ಕೀ ಬಾತ್‌ನಲ್ಲಿ ಪ್ರಧಾನಿಯವರೇ ಇದನ್ನು ಹೇಳಬೇಕಾಗಿ ಬಂತು. ಇನ್ನು ಟ್ರಾಯ್, ಗ್ರಾಹಕರಿಗೆ ಫೋನ್ ಮಾಡಿ ಸಂಪರ್ಕ ಕಡಿತದ ಎಚ್ಚರಿಕೆ ಕೊಡುವ ಸಂಸ್ಥೆಯೇ ಅಲ್ಲ.

ಈ ಕರೆಗಳನ್ನು ಗಮನವಿಟ್ಟು ಕೇಳಿದವರಿಗೆ ಒಂದು ಸಂಗತಿ ತಿಳಿಯುತ್ತದೆ. ಕರೆ ಎತ್ತಿದ ಮಾತ್ರಕ್ಕೆ ಖಾತೆಯಿಂದ ಹಣ ಹೋಗುವುದಿಲ್ಲ. ಕರೆ ನಡೆಯುತ್ತಿರುವಾಗಲೇ ನಮ್ಮಿಂದ ಒಂದು ಕೆಲಸ ಮಾಡಿಸಿಕೊಂಡಾಗ ಹೋಗುತ್ತದೆ. ಆ ಕೆಲಸ ಒಟಿಪಿ ಓದಿ ಹೇಳುವುದಾಗಿರಬಹುದು, ಕಳುಹಿಸಿದ ಆ್ಯಪ್ ಹಾಕಿಕೊಂಡು ನಮ್ಮ ಪರದೆಯನ್ನು ಅವರಿಗೆ ತೋರಿಸುವುದಾಗಿರಬಹುದು, ಹಣ ಬರುತ್ತದೆಂದು ನಂಬಿ ಯುಪಿಐ ಪಿನ್ ಒತ್ತುವುದಾಗಿರಬಹುದು, ಇನ್ನೊಂದು ಕರೆಯನ್ನು ಇದರ ಜೊತೆ ಮರ್ಜ್ ಮಾಡುವುದಾಗಿರಬಹುದು. ಮರ್ಜ್ ಆದ ಆ ಕರೆಯಲ್ಲಿ ಬ್ಯಾಂಕಿನ ಯಂತ್ರ ಒಟಿಪಿಯನ್ನು ಓದಿ ಹೇಳುತ್ತಿರುತ್ತದೆ, ಅದನ್ನು ಅವರೂ ಕೇಳಿಸಿಕೊಳ್ಳುತ್ತಾರೆ. ಆದ್ದರಿಂದ ‘ಎತ್ತಿದರೆ ಅಪಾಯ’ ಎಂಬ ಭಯಕ್ಕೆ ನನ್ನ ಅನುಭವದಲ್ಲಿ ಆಧಾರ ಸಿಗಲಿಲ್ಲ. ಎತ್ತುವುದರಿಂದ ಸಮಯ ಹೋಗುತ್ತದೆ, ಏಕಾಗ್ರತೆ ಹೋಗುತ್ತದೆ. ಅದು ಸಣ್ಣ ನಷ್ಟವಲ್ಲ, ಆದರೆ ಅದರ ಜಾತಿ ಬೇರೆ.

ಜಾಹೀರಾತಿನ ಕರೆಗಳನ್ನು ಕಡಿಮೆ ಮಾಡಲು 1909ರ ಮೂಲಕ ಡಿಎನ್‌ಡಿ (ಅಂಥ ಕರೆ ಬೇಡವೆನ್ನುವವರ ಪಟ್ಟಿ) ನೋಂದಣಿ ಮಾಡಿಸಿದೆ. ನೋಂದಾಯಿತ ಕಂಪನಿಗಳ ಕರೆಗಳು ಇಳಿದವು. ಸಾಮಾನ್ಯ ಮೊಬೈಲ್ ಸಂಖ್ಯೆಯಿಂದ ಸೈಟು ಮಾರುವವರ ಕರೆಗಳು ಮಾತ್ರ ಅದರಿಂದ ನಿಲ್ಲಲಿಲ್ಲ. ಅವರ ಮೇಲೆ ದೂರು ಕೊಡಬೇಕು. ಟ್ರಾಯ್ ನಿಯಮಗಳಿಗೆ 2025ರಲ್ಲಿ ತಿದ್ದುಪಡಿಯಾದ ಮೇಲೆ ದೂರು ಕೊಡಲು ಮೊದಲಿದ್ದ ಮೂರು ದಿನಗಳ ಬದಲು ಏಳು ದಿನಗಳ ಅವಕಾಶವಿದೆ. ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ ಕರೆಯನ್ನು ಆರಿಸಿ ದೂರು ದಾಖಲಿಸುವುದು ಕಷ್ಟದ ಕೆಲಸವೇನಲ್ಲ.

ಎರಡನೆಯದು ಇದಕ್ಕೆ ತದ್ವಿರುದ್ಧವಾದ ಕ್ರಮ: ಫೋನಿನಲ್ಲಿ ಹೆಸರಿರುವವರ ಕರೆ ಮಾತ್ರ ರಿಂಗಾಗುವಂತೆ ಮಾಡಿಟ್ಟು, ಉಳಿದದ್ದನ್ನು ಮರೆತುಬಿಡುವುದು. ಐಫೋನಿನಲ್ಲಿ 2019ರಿಂದ ಇದಕ್ಕೆಂದೇ ಒಂದು ಆಯ್ಕೆಯಿದೆ; ಆಂಡ್ರಾಯ್ಡ್ ಫೋನುಗಳಲ್ಲಿ ‘ಡು ನಾಟ್ ಡಿಸ್ಟರ್ಬ್’ ಹಾಕಿ ಕಾಂಟ್ಯಾಕ್ಟ್‌ಗಳಿಗೆ ಮಾತ್ರ ಅನುಮತಿ ಕೊಡಬಹುದು. ಮೊದಲ ವಾರದ ನೆಮ್ಮದಿ ನಿಜಕ್ಕೂ ದೊಡ್ಡದು. ಮಗಳು ಇದನ್ನು ಏಕೆ ಬಿಡಲೊಲ್ಲಳು ಎಂಬುದು ನನಗೆ ಆಗ ಅರ್ಥವಾಯಿತು. ಆದರೆ ದಿನ ಕಳೆದಂತೆ, ನಾನು ಪಡೆದ ನೆಮ್ಮದಿಯ ಬೆಲೆಯನ್ನು ಬೇರೆಯವರು ತೆರುತ್ತಿದ್ದಾರೆಂಬುದು ಕಾಣತೊಡಗಿತು. ಸಿಲಿಂಡರ್ ತಂದ ಹುಡುಗ ಬಾಗಿಲು ಬಡಿದು, ಫೋನ್ ಮಾಡಿ, ಯಾರೂ ಸಿಗದೆ ಮೂರನೆಯ ಮಹಡಿಯಿಂದ ಅದನ್ನು ಹೊತ್ತುಕೊಂಡು ವಾಪಸ್ ಇಳಿದು ಹೋಗಿದ್ದ. ಹೆಂಡತಿಯ ಪಾಸ್‌ಪೋರ್ಟ್ ಅರ್ಜಿಯಲ್ಲಿ ನನ್ನ ಸಂಖ್ಯೆ ಕೊಟ್ಟಿದ್ದರಿಂದ ಠಾಣೆಯ ಪೇದೆಯವರು ತಮ್ಮ ಸ್ವಂತ ಮೊಬೈಲಿನಿಂದ ಕರೆ ಮಾಡುತ್ತಿದ್ದರು. ಪೊಲೀಸ್ ಪರಿಶೀಲನೆಗೆ ಬರುವ ಕರೆ ಹೀಗೆ ಬರುವುದೇ ಹೆಚ್ಚು, ಅದಕ್ಕೆ ಯಾವ ಗುರುತಿನ ಸರಣಿಯೂ ಇಲ್ಲ. ‘ಅರ್ಜಿದಾರರು ಸಿಗಲಿಲ್ಲ’ ಎಂದು ಅವರು ವರದಿ ಬರೆದಿದ್ದರೆ ಅದು ತಪ್ಪೂ ಆಗುತ್ತಿರಲಿಲ್ಲ. ರಕ್ತಪರೀಕ್ಷೆಯ ಲ್ಯಾಬು, ಶಾಲೆಯ ಬಸ್ಸಿನ ಬದಲಿ ಚಾಲಕ, ಸ್ಪೀಡ್ ಪೋಸ್ಟ್ ತಂದ ಅಂಚೆಯಣ್ಣ, ಇವರ್ಯಾರೂ ನಮ್ಮ ಕಾಂಟ್ಯಾಕ್ಟಿನಲ್ಲಿ ಇರುವವರಲ್ಲ.

ಮಲೆನಾಡಿನ ಸಂಗತಿ ಇನ್ನೂ ಬೇರೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಬರುವುದಕ್ಕೆ ದಿನಗಟ್ಟಲೆ ಹಿಡಿಯುತ್ತದೆ, ಕರೆಂಟಿಲ್ಲದ ಟವರೂ ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತದೆ. ಆಗ ಯಾರ ಫೋನಿನಲ್ಲಿ ಚಾರ್ಜಿದೆಯೋ, ಯಾರ ಸಿಮ್ಮಿಗೆ ಸಿಗ್ನಲ್ ಇದೆಯೋ ಅವರ ಫೋನೇ ಊರಿನ ಫೋನು. ಎಲ್ಲವನ್ನೂ ಮೌನವಾಗಿಸಿದ್ದ ಆ ದಿನಗಳಲ್ಲಿ ಒಂದು ಸಂಜೆ ಪಟ್ಟಿಯಲ್ಲಿ ಒಂದೇ ಸಂಖ್ಯೆಯಿಂದ ಬಂದ ಕರೆಗಳನ್ನು ನೋಡಿ ವಾಪಸ್ ಮಾಡಿದರೆ, ಅದು ಹೊಸನಗರ ಪೇಟೆಯ ಒಂದು ಅಂಗಡಿಯ ಫೋನಾಗಿತ್ತು. “ಯಾರೋ ಬಂದು ಮಾಡಿ ಹೋದ್ರು ಸಾರ್, ಯಾರು ಅಂತ ಗೊತ್ತಿಲ್ಲ” ಎಂದರು ಅಂಗಡಿಯವರು. ಮರುದಿನ ಆ ಕರೆ ಮಾಡಿದ್ದ ಪಕ್ಕದ ಮನೆಯವರೇ ಸಿಕ್ಕಿ, “ತಮಾ, ಗಾಬರಿ ಬೀಳ್ಬೇಡ, ಅಪ್ಪಯ್ಯ ಆರಾಮಿದಾರೆ. ಕರೆಂಟು ಹೋಗಿ ಮೂರು ದಿನ ಆತು, ಅವ್ರ ಫೋನು ಸತ್ತಿದೆ, ಅದನ್ನ ಹೇಳಕ್ಕೇ ಮಾಡಿದ್ದು” ಎಂದರು. ಹೇಳಬೇಕಾದದ್ದು ಅಷ್ಟೇ ಆಗಿತ್ತು. ಅದು ಬೇರೆ ಏನಾದರೂ ಆಗಿರಬಹುದಿತ್ತು. ಊರಿನಲ್ಲಿ ಎಂಬತ್ತು ದಾಟಿದ ತಂದೆತಾಯಿಯನ್ನು ಬಿಟ್ಟು ಪಟ್ಟಣದಲ್ಲಿರುವ ಯಾರಿಗೇ ಆಗಲಿ, ಈ ಎರಡನೆಯ ಕ್ರಮವನ್ನು ನಾನು ಸೂಚಿಸಲಾರೆ.

ಮೂರನೆಯದು ಹೆಸರು ತೋರಿಸುವ ಆ್ಯಪ್ ನೋಡಿ ತೀರ್ಮಾನಿಸುವುದು. ಸ್ವೀಡನ್ನಿನಲ್ಲಿ 2009ರಲ್ಲಿ ಆರಂಭವಾದ ಟ್ರೂಕಾಲರ್ ನಮ್ಮಲ್ಲಿ ಮನೆಮಾತಾಗಿದೆ. ಸ್ಪಾಮ್ ಎಂದು ಕೆಂಪಾಗಿ ತೋರಿಸಿದ ಕರೆಗಳ ವಿಷಯದಲ್ಲಿ ಅದು ಬಹುಮಟ್ಟಿಗೆ ಸರಿಯಾಗಿಯೇ ಇತ್ತು ಎಂಬುದನ್ನು ಒಪ್ಪಬೇಕು. ಆದರೆ ಅಲ್ಲಿ ಕಾಣುವ ಹೆಸರು, ಆ ವ್ಯಕ್ತಿಯೇ ಕೊಟ್ಟುಕೊಂಡ ಅಥವಾ ಬೇರೆ ಬಳಕೆದಾರರು ಸೂಚಿಸಿದ ಹೆಸರು. ಯಾವುದೇ ದಾಖಲೆ ಅದರ ಹಿಂದಿರಬೇಕೆಂದಿಲ್ಲ. ಬ್ಯಾಂಕಿನ ಹೆಸರಿಟ್ಟುಕೊಂಡು ಬಂದ ಕರೆ ಬ್ಯಾಂಕಿನದೇ ಎಂದು ನಂಬುವುದು, ಹೆಸರೇ ಇಲ್ಲದ ಕರೆಯನ್ನು ಎತ್ತುವುದಕ್ಕಿಂತ ಹೆಚ್ಚು ಅಪಾಯಕರ ಎಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಹೆಸರು ಕಂಡ ಕೂಡಲೇ ನಮ್ಮ ಎಚ್ಚರ ಅರ್ಧದಷ್ಟು ಇಳಿದಿರುತ್ತದೆ. ಟ್ರಾಯ್ 2024ರ ಫೆಬ್ರುವರಿಯಲ್ಲಿ ಶಿಫಾರಸು ಮಾಡಿ, ಈಚೆಗೆ ಹಂತಹಂತವಾಗಿ ಬಳಕೆಗೆ ಬರುತ್ತಿರುವ, ಕರೆ ಮಾಡಿದವರ ಹೆಸರನ್ನು ಮೊಬೈಲ್ ಕಂಪನಿಯೇ ತೋರಿಸುವ ಸಿಎನ್‌ಎಪಿ ವ್ಯವಸ್ಥೆ ಇದಕ್ಕಿಂತ ಮೇಲು. ಸಿಮ್ ಕೊಳ್ಳುವಾಗ ಅರ್ಜಿಯಲ್ಲಿ ಕೊಟ್ಟ ಹೆಸರೇ ಅದರಲ್ಲಿ ಕಾಣುತ್ತದೆ. ಆದರೂ ನಮ್ಮ ಮನೆಗಳಲ್ಲಿ ಅಮ್ಮನ ಸಿಮ್ ಮಗನ ಹೆಸರಿನಲ್ಲಿ, ಕೆಲಸದವನ ಸಿಮ್ ಮಾಲೀಕನ ಹೆಸರಿನಲ್ಲಿ ಇರುವುದು ಹೊಸತಲ್ಲ. ಸಿಮ್ ಯಾರದು ಎಂದು ತಿಳಿಯುತ್ತದೆ, ಮಾತನಾಡುವವರು ಯಾರು, ಏಕೆ ಎಂಬುದು ತಿಳಿಯುವುದಿಲ್ಲ.

ಹೆಸರಿಗಿಂತ ಸಂಖ್ಯೆಯ ಆರಂಭದ ಅಂಕಿಗಳೇ ನನಗೆ ಹೆಚ್ಚು ಉಪಯೋಗಕ್ಕೆ ಬಂದವು. 140ರಿಂದ ಆರಂಭವಾದರೆ ಅದು ಜಾಹೀರಾತು, ಎತ್ತಬೇಕಾಗಿಲ್ಲ. 1600ರಿಂದ ಆರಂಭವಾದರೆ ಅದು ಬ್ಯಾಂಕು, ಹಣಕಾಸು ಸಂಸ್ಥೆ ಅಥವಾ ಸರ್ಕಾರದ ಸೇವಾ ಕರೆ. ಬ್ಯಾಂಕುಗಳು ಗ್ರಾಹಕರ ವ್ಯವಹಾರದ ಕರೆಗಳಿಗೆ ಈ ಸರಣಿಯನ್ನೇ ಬಳಸಬೇಕೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಸೂಚಿಸಿದೆ. ಹಾಗಾಗಿ ಸಾಮಾನ್ಯ ಮೊಬೈಲ್ ಸಂಖ್ಯೆಯಿಂದ “ಬ್ಯಾಂಕಿನಿಂದ ಮಾತಾಡ್ತಿದೀನಿ” ಎಂಬ ದನಿ ಬಂದರೆ ಮಾತು ಮುಂದುವರಿಸುವ ಅಗತ್ಯವೇ ಇರುವುದಿಲ್ಲ. ವಿದೇಶದಲ್ಲಿ ಬಂಧುಗಳಿಲ್ಲದವರು +91 ಅಲ್ಲದ ಕರೆಗಳನ್ನು ಬಿಟ್ಟುಬಿಡಬಹುದು, ವಾಪಸ್ ಮಾಡುವುದಂತೂ ಬೇಡ. 080 ಮಾತ್ರ ಗೊಂದಲದ್ದು: ಬೆಂಗಳೂರಿನ ಆಸ್ಪತ್ರೆಯೂ ಅದೇ, ಸಾಲ ಮಾರುವ ಕಾಲ್ ಸೆಂಟರೂ ಅದೇ.

ನಾಲ್ಕನೆಯದು ಮೊದಲ ಸಲ ಬಿಟ್ಟು ಎರಡನೆಯ ಸಲಕ್ಕೆ ಎತ್ತುವುದು. ನಿಜವಾಗಿ ಕೆಲಸವಿದ್ದವರು ಮತ್ತೆ ಮಾಡುತ್ತಾರೆ ಎಂಬುದು ಇದರ ಹಿಂದಿನ ನಂಬಿಕೆ. ಇದಕ್ಕೆ ಫೋನಿನಲ್ಲೇ ಅನುಕೂಲವಿದೆ: ‘ಡು ನಾಟ್ ಡಿಸ್ಟರ್ಬ್’ ಇದ್ದಾಗಲೂ, ಒಂದೇ ಸಂಖ್ಯೆಯಿಂದ ಆಂಡ್ರಾಯ್ಡಿನಲ್ಲಿ ಹದಿನೈದು ನಿಮಿಷದೊಳಗೆ, ಐಫೋನಿನಲ್ಲಿ ಮೂರು ನಿಮಿಷದೊಳಗೆ ಎರಡನೆಯ ಕರೆ ಬಂದರೆ ರಿಂಗಾಗುವಂತೆ ಮಾಡಬಹುದು. ರಾತ್ರಿ ಮಲಗುವಾಗ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನನಗೆ ಸಿಕ್ಕಿಲ್ಲ. ಹಗಲಿನಲ್ಲಿ ಮಾತ್ರ ಇದು ಅಷ್ಟು ಫಲ ಕೊಡಲಿಲ್ಲ, ಏಕೆಂದರೆ ದಿನಕ್ಕೆ ಹತ್ತಾರು ಮನೆ ಸುತ್ತುವ ಕೊರಿಯರ್ ಹುಡುಗನಿಗೆ ಎರಡನೆಯ ಸಲ ಮಾಡುವ ಪುರಸೊತ್ತಿರುವುದಿಲ್ಲ. ಟ್ಯಾಕ್ಸಿ, ಊಟ ತಲುಪಿಸುವ ಕಂಪನಿಗಳ ಕರೆಗಳೋ ಚಾಲಕನ ಸಂಖ್ಯೆಯನ್ನು ಮರೆಮಾಡಿ ಬರುವುದರಿಂದ, ತಡವಾಗಿ ವಾಪಸ್ ಮಾಡಿದರೆ ಯಾರಿಗೂ ತಲುಪದಿರಬಹುದು. ವಂಚಕನಿಗಾದರೋ ಎರಡನೆಯ ಸಲ ಮಾಡಲು ಯಾವ ತೊಂದರೆಯೂ ಇಲ್ಲ.

ಇವನ್ನೆಲ್ಲ ಎದುರುಬದುರು ಇಟ್ಟು ನೋಡಿದ ಮೇಲೆ ನನ್ನ ಫೋನಿಗೆ ನಾನು ಉಳಿಸಿಕೊಂಡದ್ದು ಮೊದಲನೆಯ ಕ್ರಮವನ್ನೇ, ಎರಡು ಬಿಗಿಯಾದ ಕಟ್ಟುಪಾಡುಗಳೊಂದಿಗೆ. ಕರೆ ಎತ್ತಿ ನಾನು “ಹಲೋ” ಎಂದಷ್ಟೇ ಹೇಳುತ್ತೇನೆ. ನನ್ನ ಹೆಸರನ್ನಾಗಲಿ ಊರನ್ನಾಗಲಿ ನಾನಾಗಿ ಹೇಳುವುದಿಲ್ಲ, ಅವರೇ ತಾವು ಯಾರು, ಏನು ಕೆಲಸ ಎಂದು ಹೇಳಬೇಕು. ಪೇದೆ, ಅಂಚೆಯಣ್ಣ, ಸಿಲಿಂಡರ್ ಹುಡುಗ, ಇವರೆಲ್ಲ ಮೊದಲ ಎರಡು ವಾಕ್ಯದಲ್ಲೇ ಹೇಳಿಬಿಡುತ್ತಾರೆ. ಎರಡನೆಯದಾಗಿ, ಅವರಾಗಿ ಮಾಡಿದ ಕರೆಯಲ್ಲಿ ನಾನು ಯಾವ ಕೆಲಸವನ್ನೂ ಮಾಡಿ ಮುಗಿಸುವುದಿಲ್ಲ. ಬ್ಯಾಂಕಿನವರೇ ಇರಲಿ, ಕರೆಂಟು ಕಂಪನಿಯವರೇ ಇರಲಿ, ಇಟ್ಟುಬಿಟ್ಟು ಪಾಸ್‌ಬುಕ್ಕಿನಲ್ಲೋ ಬಿಲ್ಲಿನಲ್ಲೋ ಇರುವ ಸಂಖ್ಯೆಗೆ ನಾನೇ ಮಾಡುತ್ತೇನೆ. “ಈಗಲೇ ಮಾಡಿ, ಫೋನ್ ಇಡಬೇಡಿ” ಎಂದು ಒತ್ತಾಯಿಸುವವರಿಗೆ ಉತ್ತರ ಕೊಡುವ ಸೌಜನ್ಯದ ಅಗತ್ಯವಿಲ್ಲ.

ಅಪ್ಪನ ಫೋನಿಗೆ ಈ ತೀರ್ಮಾನ ಹೊಂದುವುದಿಲ್ಲ. ಯಾರೇ ಮಾತನಾಡಿಸಿದರೂ ಅರ್ಧದಲ್ಲಿ ಇಟ್ಟುಬಿಡುವುದು ಅವರಿಗೆ ಅವಮರ್ಯಾದೆಯ ಕೆಲಸ. ಆ ದೊಡ್ಡ ಗುಣವನ್ನೇ ವಂಚಕರು ಹಿಡಿಯುತ್ತಾರೆ. ಆದ್ದರಿಂದ ಅವರ ಫೋನಿನಲ್ಲಿ ಹೆಸರಿದ್ದವರ ಕರೆ ಮಾತ್ರ ರಿಂಗಾಗುತ್ತದೆ, ಜೊತೆಗೆ ಎರಡನೆಯ ಸಲಕ್ಕೆ ರಿಂಗಾಗುವ ಅನುಕೂಲವನ್ನೂ ತೆಗೆದುಹಾಕಿದ್ದೇನೆ. ಇದು ನಡೆಯಬೇಕಾದರೆ ಹೆಸರುಗಳ ಪಟ್ಟಿ ದೊಡ್ಡದಾಗಿರಬೇಕು. ಅಕ್ಕಪಕ್ಕದ ಮನೆಗಳವರು, ಅಡಿಕೆ ಮಂಡಿಯವರು, ಸೊಸೈಟಿಯ ಕಾರ್ಯದರ್ಶಿ, ಲೈನ್‌ಮ್ಯಾನ್, ಆಶಾ ಕಾರ್ಯಕರ್ತೆ, ಜೀಪು ಓಡಿಸುವವರು, ಗ್ಯಾಸಿನ ಹುಡುಗ, ಪೇಟೆಯ ಔಷಧಿ ಅಂಗಡಿ ಎಲ್ಲವನ್ನೂ ಕನ್ನಡದಲ್ಲೇ ಹಾಕಿಟ್ಟಿದ್ದೇನೆ. ಊರಿಗೆ ಹೋದಾಗಲೆಲ್ಲ ಸಂಖ್ಯೆ ಬದಲಾಗಿದೆಯೇ ಎಂದು ವಿಚಾರಿಸಿ ತಿದ್ದುತ್ತೇನೆ. ವಾಟ್ಸಾಪಿನಲ್ಲಿ ಅಪರಿಚಿತರ ಕರೆಗಳನ್ನು ಮೌನವಾಗಿಸುವ ಆಯ್ಕೆಯನ್ನು ಇಬ್ಬರ ಫೋನಿನಲ್ಲೂ ಹಾಕಿದ್ದೇನೆ, ಅದರಲ್ಲಿ ಎರಡನೆಯ ಯೋಚನೆ ಬೇಕಾಗಲಿಲ್ಲ. ಒಟಿಪಿಯ ವಿಷಯದಲ್ಲಿ ಅಪ್ಪನಿಗೆ ‘ಯಾರಿಗೂ ಹೇಳಬೇಡಿ’ ಎಂದರೆ ಸಿಲಿಂಡರ್ ಬಂದಾಗ ತೊಡಕಾಗುತ್ತದೆ, ತಂದವರಿಗೂ ಕೋಡ್ ಕೊಡಬೇಕಲ್ಲ. ಹಾಗಾಗಿ ಸಿಲಿಂಡರ್ ಅಂಗಳದಲ್ಲಿ ಇಳಿದ ಮೇಲೆ, ಎದುರಿಗೆ ನಿಂತವರಿಗೆ ಮಾತ್ರ, ಫೋನಿನಲ್ಲಿ ಎಂದೂ ಇಲ್ಲ ಎಂದು ತಿಳಿಸಿ ಹೇಳಿದ್ದೇನೆ.

ಇಷ್ಟಾದರೂ ಏನಾದರೂ ನಡೆದರೆ ಎಂದು ಸೈಬರ್ ವಂಚನೆಯ ಸಹಾಯವಾಣಿ 1930ನ್ನು ಅಪ್ಪನ ಫೋನಿನ ಪಕ್ಕದ ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ. ಹಣ ಹೋದದ್ದು ತಿಳಿದ ಕೂಡಲೇ ಅಲ್ಲಿಗೆ ಕರೆ ಮಾಡಿದರೆ ಅದು ಬೇರೆ ಖಾತೆಗಳಿಗೆ ಹಂಚಿಹೋಗುವ ಮೊದಲೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಹಣ ಹೋಗದೆ ಬರೀ ಅನುಮಾನದ ಕರೆಯಷ್ಟೇ ಬಂದಿದ್ದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿರುವ ಚಕ್ಷು ವಿಭಾಗದಲ್ಲಿ ತಿಳಿಸಬೇಕು. ಆ ಕೆಲಸವನ್ನು, ಅಪ್ಪನ ಫೋನಿನ ಮಿಸ್ಡ್ ಕಾಲ್ ಪಟ್ಟಿಯಲ್ಲಿ ಉಳಿದ ಸಂಖ್ಯೆಗಳನ್ನೂ ನೋಡಿ, ನಾನೇ ಮೈಸೂರಿನಿಂದ ಮಾಡುತ್ತೇನೆ.